ಒಬ್ಬರೇ ಬಂದವರನ್ನು ಹತ್ತಿಸುವುದಿಲ್ಲ

(ಚಿಕ್ಕಮಗಳೂರಿನ ಒಂದು ಸಂಜೆಯ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ನನ್ನನ್ನು ಪರಿಚಯಿಸಿದ ಸ್ನೇಹಿತರು ‘ಜಪಾನ್ ಸುತ್ತಿ ಬಂದವರು’ ಎಂದುಬಿಟ್ಟರು. ಮೊದಲು ಆ ಮಾತನ್ನು ಸ್ವಲ್ಪ ಕೆಳಗಿಳಿಸಬೇಕು. ನಾನು ಸುತ್ತಲಿಲ್ಲ. ಮಗಳು ಒಸಾಕಾದಲ್ಲಿ ಕೆಲಸದಲ್ಲಿದ್ದಾಳೆ, ಅವಳ ಮನೆಯಲ್ಲಿ 17 ದಿನ ಇದ್ದು ಬಂದೆ. ಹೆಚ್ಚಿನ ದಿನಗಳು ಅವಳು ಕಚೇರಿಯಿಂದ ಬರುವ ಹೊತ್ತಿಗೆ ಅನ್ನ, ಸಾರು ಮಾಡಿಟ್ಟು ಕಿಟಕಿಯಿಂದ ರೈಲುಗಳನ್ನು ಎಣಿಸುವುದರಲ್ಲೇ ಕಳೆದವು. ಇವತ್ತು ಹೇಳಬೇಕೆಂದಿರುವುದು ಆ 17ರಲ್ಲಿ ಒಂದೇ ಒಂದು ದಿನದ ವಿಷಯ.

ಆ ದಿನದ ಬಗ್ಗೆ ಮಾತನಾಡಲು ನನಗಿರುವ ಅರ್ಹತೆ ಬೇರೆ. 31 ವರ್ಷ ಬೇಲೂರಿನಲ್ಲಿ ಗೈಡ್ ಆಗಿ ಕೆಲಸ ಮಾಡಿದವನು ನಾನು. ಪರದೇಶದವರು ದೇವಸ್ಥಾನಕ್ಕೆ ಬಂದರೆ ಹೇಗಿರುತ್ತಾರೆ ಎಂಬುದನ್ನು ಅವರ ಹಿಮ್ಮಡಿ ನೋಡಿಯೇ ಹೇಳಬಲ್ಲೆ. ಏಪ್ರಿಲ್ ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಬರಿಗಾಲಿಟ್ಟ ಕೂಡಲೇ ಅವರು ಕುಣಿಯುವುದು, ದರ್ಪಣಸುಂದರಿಯ ಕೆಳಗೆ ಕುತ್ತಿಗೆ ನೋಯುವವರೆಗೂ ನಿಲ್ಲುವುದು, ಹಣ್ಣಿನ ಮೇಲೆ ಕೂತ ನೊಣವನ್ನು ಹಲ್ಲಿ ಹಿಡಿಯಲು ಹೊಂಚುವ ಕೆತ್ತನೆಯನ್ನು ತೋರಿಸಿದಾಗ ಮಕ್ಕಳಂತೆ ಕೂಗುವುದು, ಎಲ್ಲವೂ ನನಗೆ ಬಾಯಿಪಾಠ. ‘ಇಲ್ಲಿ ಈಗಲೂ ಪೂಜೆ ನಡೆಯುತ್ತದೆಯೇ?’ ಎಂಬ ಪ್ರಶ್ನೆ ಯಾವ ಕಂಬದ ಹತ್ತಿರ ಬರುತ್ತದೆ ಎಂಬುದೂ ಗೊತ್ತು. ನವರಂಗದೊಳಗೆ ಘಂಟೆ ಕೇಳಿಸುತ್ತಿರುವಾಗಲೇ ಈ ಪ್ರಶ್ನೆ ಕೇಳುವವರಿದ್ದಾರೆ. ಒಳಗೊಳಗೇ ನಗುತ್ತಿದ್ದೆ. ಈ ಸಲ ಆ ಪರದೇಶದವನು ನಾನೇ ಆದೆ. ಅದೇ ಪ್ರಶ್ನೆಯನ್ನು ನಾನೂ ಕೇಳಿದೆ. ಅದು ಮುಂದೆ ಬರುತ್ತದೆ.

ಸುಮಾರು ಹತ್ತು ವರ್ಷದ ಹಿಂದೆ ಬೇಲೂರಿಗೆ ಜಪಾನಿನವರ ಒಂದು ಗುಂಪು ಬಂದಿತ್ತು. ಎಲ್ಲ ಮುಗಿದು ಎಳನೀರು ಕುಡಿಯುತ್ತಿದ್ದಾಗ ಅವರಲ್ಲೊಬ್ಬ ಮಹಿಳೆ ಮೊಬೈಲ್ ತೆರೆದು ಒಂದು ಚಿತ್ರ ತೋರಿಸಿದರು. ಬಂಡೆಯೊಂದು ಬಾಯಿ ತೆರೆದಂತಿದೆ, ಆ ಬಾಯಿಯೊಳಗೆ ಒಂದು ಮರದ ಗುಡಿ ಸಿಕ್ಕಿಕೊಂಡಿದೆ. ಕೆಳಗೆ ಕಡಿದಾದ ಕಲ್ಲು, ಅದರ ಮೇಲೆ ಬಿದಿರುಗಳದಷ್ಟು ತೆಳ್ಳಗೆ ಕಾಣುವ ಕಂಬಗಳು. ಮೆಟ್ಟಿಲಿಲ್ಲ, ದಾರಿಯಿಲ್ಲ. ‘ಅಲ್ಲಿ ಗೈಡ್ ಯಾರು?’ ಎಂದು ನಾನು ಕೇಳಿದೆ. ನನ್ನ ಕಸುಬಿನ ಪ್ರಶ್ನೆ ಅದು. ಅವರು ನಕ್ಕು, ‘ಅಲ್ಲಿ ಯಾರೂ ಮಾತನಾಡುವುದಿಲ್ಲ’ ಎಂದರು. ಆ ಉತ್ತರ ಇಷ್ಟು ವರ್ಷ ತಲೆಯಲ್ಲಿ ಉಳಿದಿತ್ತು.

ಗುಡಿಯ ಹೆಸರು ನಾಗೆಇರೆ ದೋ. ಎಸೆದು ಒಳಗಿಟ್ಟ ಗುಡಿ ಎಂದು ಅರ್ಥ. ಜಪಾನಿನ ಪಶ್ಚಿಮ ಭಾಗದಲ್ಲಿ, ಸಮುದ್ರಕ್ಕೆ ಬೆನ್ನು ಕೊಟ್ಟ ಗುಡ್ಡಗಾಡಿನ ತೊತ್ತೋರಿ ಎಂಬ ಪ್ರಾಂತದಲ್ಲಿ, ಮಿತೋಕು ಬೆಟ್ಟದ ಮೇಲಿದೆ. ಬೆಟ್ಟ 900 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಅರ್ಧಕ್ಕೂ ಕಡಿಮೆ, ಹಾಗಾಗಿ ಎತ್ತರದ ವಿಷಯದಲ್ಲಿ ಚಿಕ್ಕಮಗಳೂರಿನವರು ಬೀಗಬಹುದು. ಬೆಟ್ಟದ ಬುಡದಲ್ಲಿರುವುದು ಸಾಂಬುತ್ಸುಜಿ, ಅಂದರೆ ಮೂರು ಬುದ್ಧರ ದೇವಾಲಯ. ಶಾಕ್ಯಮುನಿ, ಅಮಿತಾಭ, ವೈರೋಚನ, ಈ ಮೂವರು. ದೇವಾಲಯದ ಪರಂಪರೆ ಹೇಳುವ ಪ್ರಕಾರ 706ರಲ್ಲಿ ಎನ್ ನೊ ಗ್ಯೋಜಾ ಎಂಬ ಬೆಟ್ಟದ ತಪಸ್ವಿ ಈ ಸ್ಥಳವನ್ನು ತೆರೆದರು, 849ರಲ್ಲಿ ಎನ್ನಿನ್ ಎಂಬ ತೆಂದಾಯಿ ಪಂಥದ ಆಚಾರ್ಯರು ಮೂವರು ಬುದ್ಧರನ್ನು ಪ್ರತಿಷ್ಠಾಪಿಸಿದರು. ಗುಡಿಯ ಕಥೆ ಇನ್ನೂ ಸೊಗಸು: ಆ ತಪಸ್ವಿ ಬೆಟ್ಟದ ಬುಡದಲ್ಲಿ ಗುಡಿಯನ್ನು ಕಟ್ಟಿ, ಮಂತ್ರಬಲದಿಂದ ಅದನ್ನು ಅಂಗೈಯಷ್ಟು ಕಿರಿದು ಮಾಡಿ, ಮೇಲಿನ ಬಂಡೆಯ ಪೊಟರೆಗೆ ಎಸೆದರಂತೆ. ಜಕಣಾಚಾರಿಯ ಕಥೆಯನ್ನು ಸಾವಿರಾರು ಸಲ ಹೇಳಿದ ನನಗೆ ಇಂಥ ಕಥೆಗಳ ಬೆಲೆ ಗೊತ್ತು. ಶಾಸನದಲ್ಲಿಲ್ಲದಿದ್ದರೂ ಜನ ಮನೆಗೆ ತೆಗೆದುಕೊಂಡು ಹೋಗುವುದು ಅದನ್ನೇ.

ಪ್ರಯಾಣದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಒಸಾಕಾದಿಂದ ಕುರಯೋಶಿ ಎಂಬ ಊರಿಗೆ ವೇಗದ ರೈಲು, ಮೂರು ಗಂಟೆ. ಅಲ್ಲಿಂದ ಬಸ್, ದಿನಕ್ಕೆ ಕೆಲವೇ. ಮಗಳು ಜೊತೆಯಲ್ಲಿ ಬರಬೇಕಾಗಿತ್ತು, ಕೊನೆಗಳಿಗೆಯಲ್ಲಿ ರಜೆ ಸಿಗಲಿಲ್ಲ. ‘ಅಪ್ಪ, ಇನ್ನೊಂದು ವಾರ ತಡೆಯಿರಿ’ ಎಂದಳು. ಇನ್ನೊಂದು ವಾರಕ್ಕೆ ನನ್ನ ವಿಮಾನ. ಹಿಂದಿನ ರಾತ್ರಿ ಮಿಸಾಸ ಎಂಬ ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ ತಂಗಿದೆ. ಅಲ್ಲಿ ಹತ್ತಾರು ಜನರ ನಡುವೆ ಮೈಮೇಲೆ ನೂಲಿಲ್ಲದೆ ಸ್ನಾನ ಮಾಡಬೇಕು ಎಂಬುದನ್ನು ಮನೆಯಲ್ಲಿ ಈವರೆಗೂ ಹೇಳಿಲ್ಲ. ನೀವೂ ಹೇಳಬೇಡಿ.

ಅಕ್ಟೋಬರ್ ಕೊನೆಯ ವಾರ ಅದು. ಇಲ್ಲಿ ದೀಪಾವಳಿ, ನೀವೆಲ್ಲ ದೇವೀರಮ್ಮನ ಬೆಟ್ಟ ಹತ್ತುವ ದಿನಗಳು. ವರ್ಷಕ್ಕೊಮ್ಮೆ, ಬರಿಗಾಲಿನಲ್ಲಿ, ಕತ್ತಲೆಯಲ್ಲಿ, ಬೇರು ಕಲ್ಲು ಸಿಕ್ಕಿದ್ದನ್ನು ಹಿಡಿದು. ನಾನೂ ಎರಡು ಸಲ ಹತ್ತಿದ್ದೇನೆ. ಅದನ್ನು ನೆನೆಸಿಕೊಂಡೇ ಧೈರ್ಯವಾಗಿ ಹೋದೆ.

ಬೆಳಿಗ್ಗೆ ಎಂಟೂವರೆಗೆ ನೋಂದಣಿ ಕಟ್ಟೆಯ ಮುಂದೆ ನಿಂತೆ. ಬೆಟ್ಟ ಹತ್ತುವವರಿಗೆ ಪ್ರತ್ಯೇಕ ಕಟ್ಟೆ ಅದು. ಒಳಗಿದ್ದ ನಡುವಯಸ್ಸಿನವರು ನನ್ನ ಮುಖ ನೋಡಲಿಲ್ಲ, ಪಾಸ್‌ಪೋರ್ಟ್ ಕೇಳಲಿಲ್ಲ, ಯಾವ ದೇಶ ಎಂದೂ ಕೇಳಲಿಲ್ಲ. ಎದ್ದು ಹೊರಗೆ ಬಂದು, ಬಗ್ಗಿ, ನನ್ನ ಕಾಲನ್ನು ಎತ್ತುವಂತೆ ಸನ್ನೆ ಮಾಡಿದರು. ಲಾಳ ಕಟ್ಟುವವನ ಮುಂದೆ ಕುದುರೆ ಗೊರಸು ಎತ್ತುತ್ತದಲ್ಲ, ಹಾಗೆ ಎತ್ತಿದೆ. ಶೂ ಅಟ್ಟೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ ತಲೆ ಆಡಿಸಿದರು. ಅಟ್ಟೆ ಸವೆದಿದೆ, ಇದು ನಡೆಯುವುದಿಲ್ಲ. ಬೇಲೂರು ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಕೊಂಡಿದ್ದ ಶೂ, ಮದುವೆ ಮುಂಜಿಗಳಿಗೆ ಎಂದು ಜೋಪಾನವಾಗಿಟ್ಟಿದ್ದೆ. ಅಂಥವರಿಗಾಗಿ ಅಲ್ಲಿಯೇ ಹುಲ್ಲಿನ ಮೆಟ್ಟು ಮಾರುತ್ತಾರೆ. ವರಾಜಿ ಎಂದು ಹೆಸರು.

ಮೆಟ್ಟನ್ನು ಕೈಗೆತ್ತಿಕೊಂಡು ಮೂಗಿನ ಹತ್ತಿರ ಹಿಡಿದೆ. ಭತ್ತದ ಹುಲ್ಲು! ಮೇಟಿಯಿಂದ ಬಿಚ್ಚಿ ಈಗಷ್ಟೇ ಬಣವೆ ಒಟ್ಟಿದಂಥ ವಾಸನೆ. ನಮ್ಮಲ್ಲಿ ಕೊಡ ಹೊರಲು ತಲೆಯ ಮೇಲಿಡುವ ಸಿಂಬಿ ಇದೆಯಲ್ಲ, ಅದೇ ಹೆಣಿಗೆ, ಆಕಾರ ಮಾತ್ರ ಪಾದದ್ದು. ಎರಡೂ ಕಡೆ ಕುಣಿಕೆಗಳಿವೆ, ಮುಂದಿನಿಂದ ಬಂದ ಹುರಿಯನ್ನು ಅವುಗಳೊಳಗೆ ತೂರಿಸಿ ಹಿಮ್ಮಡಿಗೆ ಸುತ್ತಿ ಕಣಕಾಲಿಗೆ ಕಟ್ಟಬೇಕು. ಒದ್ದೆ ಬೇರಿನ ಮೇಲೆ, ಪಾಚಿಗಲ್ಲಿನ ಮೇಲೆ ಇದು ಜಾರುವುದಿಲ್ಲ. ಮೊಳೆ ಇರುವ ಬೂಟುಗಳನ್ನು ಅವರು ಬಿಡುವುದೇ ಇಲ್ಲ, ಬೇರುಗಳಿಗೆ ಗಾಯವಾಗುತ್ತದೆ ಎಂಬ ಕಾರಣಕ್ಕೆ. ಬೇರಿಗೆ ಗಾಯ! 31 ವರ್ಷದಲ್ಲಿ ನಾನು ಗೋಡೆ ಮುಟ್ಟಬೇಡಿ, ಶಿಲ್ಪ ಮುಟ್ಟಬೇಡಿ ಎಂದು ಗಂಟಲು ಹರಿದುಕೊಂಡಿದ್ದೇನೆ. ಹೊರಗಿನ ಮರಗಳ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟವನಲ್ಲ.

ಕಾಲಿನ ಪರೀಕ್ಷೆ ಮುಗಿಯಿತು ಎಂದುಕೊಂಡರೆ ಎರಡನೆಯದು ಕಾದಿತ್ತು. ಅವರು ಒಂದು ಬೆರಳೆತ್ತಿ, ನನ್ನ ಹಿಂದೆ ಇಣುಕಿ, ‘ಒಬ್ಬರೇ?’ ಎಂಬಂತೆ ನೋಡಿದರು. ಹೌದೆಂದೆ. ಗೋಡೆಯ ಮೇಲಿನ ಫಲಕ ತೋರಿಸಿದರು. ಒಬ್ಬರೇ ಬಂದವರನ್ನು ಹತ್ತಿಸುವುದಿಲ್ಲ, ಕಡಿಮೆಯೆಂದರೆ ಇಬ್ಬರಿರಬೇಕು. ಈ ಬೆಟ್ಟದಲ್ಲಿ ಜಾರಿ ಬಿದ್ದು ಪ್ರಾಣ ಕಳೆದುಕೊಂಡವರಿದ್ದಾರೆ. ಒಬ್ಬರು ಬಿದ್ದರೆ ಬಂದು ಹೇಳಲು ಇನ್ನೊಬ್ಬರು ಬೇಕು. ಮಳೆ ಬಂದರೆ ಮುಚ್ಚುತ್ತಾರೆ, ಹಿಮದ ತಿಂಗಳುಗಳಲ್ಲಿ ಮುಚ್ಚಿಯೇ ಇರುತ್ತದೆ, ಒಂಟಿಯಾಗಿ ಬಂದರೆ ನಿಮ್ಮ ಪಾಲಿಗೆ ಆವತ್ತು ಮುಚ್ಚಿದಂತೆ. ನಾನು ಮೊಬೈಲಿನ ಅನುವಾದದಲ್ಲಿ ಬರೆದು ತೋರಿಸಿದೆ: ‘ನಾನು ಭಾರತದಿಂದ ಬಂದಿದ್ದೇನೆ.’ ಓದಿ, ತಲೆ ಬಾಗಿಸಿ ವಂದಿಸಿದರು. ಮತ್ತೆ ಅದೇ ಫಲಕ ತೋರಿಸಿದರು.

ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ‘ದೂರದಿಂದ ಬಂದಿದ್ದೇವೆ’ ಎಂಬ ಮಾತಿಗೆ ನಮ್ಮಲ್ಲಿ ಬಾಗದ ಬಾಗಿಲಿಲ್ಲ. ಬಾಗಿಲು ಹಾಕುವ ಹೊತ್ತಾಗಿದ್ದರೂ ದೂರದಿಂದ ಬಂದವರು ಎಂದು ನಾನೇ ಅರ್ಚಕರನ್ನು ಕೇಳಿಕೊಂಡದ್ದಿದೆ, ಅವರು ತಡೆದು ನಿಂತದ್ದಿದೆ. ಅದು ನಮ್ಮ ಒಳ್ಳೆಯತನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬೆಳಿಗ್ಗೆ ಆ ಮಾತು ಅಲ್ಲಿ ಚಲಾವಣೆಯಾಗದೇ ಹೋದಾಗ ಮೊದಲು ಸಿಟ್ಟು ಬಂತು, ಆಮೇಲೆ ವಿಚಿತ್ರವಾದ ಸಮಾಧಾನ ಆಯಿತು. ನಾನು ಅವರಿಗೆ ಗಿರಾಕಿಯಲ್ಲ, ಅತಿಥಿಯೂ ಅಲ್ಲ. ಎರಡು ಕಾಲಿರುವ ಒಂದು ಜೀವ, ಬಿದ್ದರೆ ಸಾಯುವ ಜೀವ, ಅಷ್ಟೇ.

ಪಕ್ಕದ ಬೆಂಚಿನ ಮೇಲೆ ಎಪ್ಪತ್ತು ದಾಟಿದ ಒಬ್ಬರು ಕುಳಿತಿದ್ದರು. ಕತ್ತಿಗೆ ಟವೆಲ್, ಮೊಣಕಾಲಿಗೆ ಪಟ್ಟಿ. ಅವರ ಗೆಳೆಯನಿಗೆ ಮಂಡಿನೋವು ಬಂದು ಊರಿನಲ್ಲೇ ಉಳಿದನಂತೆ, ಏಳು ಗಂಟೆಯಿಂದ ಇನ್ನೊಬ್ಬ ಒಂಟಿ ಮನುಷ್ಯನಿಗಾಗಿ ಕಾಯುತ್ತಿದ್ದಾರೆ! ಕಟ್ಟೆಯವರು ಅವರ ಕಡೆ ನೋಡಿದರು, ನನ್ನ ಕಡೆ ನೋಡಿದರು. ಹೆಣ್ಣು ಗಂಡು ಒಪ್ಪಿಸುವ ದಲ್ಲಾಳಿಯ ಮುಖಭಾವ. ಇಬ್ಬರೂ ಒಪ್ಪಿದೆವು. ಪುಸ್ತಕದಲ್ಲಿ ಹೆಸರು, ಹೊರಟ ಹೊತ್ತು ಬರೆಸಿಕೊಂಡು, ಇಬ್ಬರ ಕೊರಳಿಗೂ ಒಂದೊಂದು ಬಟ್ಟೆಯ ಪಟ್ಟಿ ಹಾಕಿದರು. ಅದರ ಮೇಲೆ ನಾಲ್ಕು ಅಕ್ಷರ: ರೊಕ್ಕೊನ್ ಶೋಜೋ. ‘ರೊಕ್ಕ’ ಕೇಳಿದ ಕೂಡಲೇ ನನ್ನ ಕೈ ಜೇಬಿಗೆ ಹೋಯಿತು. ರೊಕ್ಕದ ವಿಷಯವಲ್ಲ ಅದು. ಆರು ಇಂದ್ರಿಯಗಳು ಶುದ್ಧವಾಗಲಿ ಎಂದು ಅರ್ಥ: ಕಣ್ಣು, ಕಿವಿ, ಮೂಗು, ನಾಲಿಗೆ, ಮೈ, ಮನಸ್ಸು. ನಮ್ಮ ಐದು ಜ್ಞಾನೇಂದ್ರಿಯಗಳ ಜೊತೆಗೆ ಮನಸ್ಸನ್ನೂ ಸಾಲಿನಲ್ಲಿ ಕೂರಿಸಿದ್ದಾರೆ. ಬುದ್ಧನ ಲೆಕ್ಕ ಅದು, ಇಲ್ಲಿಂದಲೇ ಹೋದದ್ದು.

ಹತ್ತುವುದರ ಬಗ್ಗೆ ಏನು ಹೇಳಲಿ. ಕೆಳಗಿನ ದೇವಾಲಯದಿಂದ ಮೇಲಿನ ಗುಡಿಗೆ ಸುಮಾರು 200 ಮೀಟರ್ ಎತ್ತರವನ್ನು ಏರಬೇಕು. ಸಂಖ್ಯೆ ಕೇಳಿದರೆ ಏನೂ ಅಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿದವರಿಗೆ ಅದು ಬೆಟ್ಟವೇ ಅಲ್ಲ ಅನ್ನಿಸಬಹುದು. ವ್ಯತ್ಯಾಸ ಇಷ್ಟೇ, ಇಲ್ಲಿ ಮೆಟ್ಟಿಲು ಎಂಬ ಪದಾರ್ಥವಿಲ್ಲ. ಸಣ್ಣ ಸೇತುವೆ ದಾಟಿದ ಕೂಡಲೇ ಬೇರುಗಳ ಗೋಡೆ. ಮರದ ಬೇರು ಹಾವಿನ ಹಿಂಡಿನಂತೆ ಇಳಿದಿದೆ, ಅದಕ್ಕೇ ಕೈ, ಅದಕ್ಕೇ ಕಾಲು. ದೇವೀರಮ್ಮನ ಬೆಟ್ಟದಲ್ಲಾದರೆ ಹಿಂದೆ ಮುಂದೆ ಸಾವಿರ ಜನ, ಬಿದ್ದರೂ ಯಾರದೋ ಬೆನ್ನಿನ ಮೇಲೆ ಬೀಳುತ್ತೇವೆ. ಇಲ್ಲಿ ನಾವಿಬ್ಬರೇ. ಹಿರಿಯರು ಮುಂದೆ, ನಾನು ಹಿಂದೆ. ಅವರು ಹಿಡಿದ ಬೇರನ್ನೇ ಹಿಡಿಯುತ್ತಾ, ಅವರು ಇಟ್ಟ ಕಡೆಯೇ ಕಾಲಿಡುತ್ತಾ ಹೋದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ನನಗೆ ಬರುವ ಜಪಾನಿ ಎಂದರೆ ಪ್ರವಾಸಿಗಳಿಗೆ ಹೇಳಲು ಕಲಿತ ಹತ್ತು ಮಾತು: ‘ದಯವಿಟ್ಟು ಇತ್ತ ಬನ್ನಿ’, ‘ಕಾಲಿನ ಕೆಳಗೆ ಜೋಪಾನ’. ಬೇರಿನ ಗೋಡೆಯ ನಡುವೆ ನನ್ನ ಉಸಿರು ಕಟ್ಟಿದ್ದಾಗ ಅವರು ತಿರುಗಿ ನನಗೆ ಎರಡನೆಯ ಮಾತನ್ನೇ ಹೇಳಿದರು. ಬೇಲೂರಿನಲ್ಲಿ ಆ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ, ನನಗೆ ಅದನ್ನು ಹೇಳಿದವರು ಅವರೇ ಮೊದಲು.

ಬೇರುಗಳಾದ ಮೇಲೆ ಬಂಡೆ, ಬಂಡೆಯ ಮೇಲಿನಿಂದ ಇಳಿಬಿಟ್ಟ ಕಬ್ಬಿಣದ ಸರಪಳಿ. ಅದನ್ನು ಹಿಡಿದು ಮೇಲೇರಿದರೆ ಮೊಂಜು ದೋ. ಮೊಂಜು ಎಂದರೆ ಮಂಜುಶ್ರೀ, ಬೌದ್ಧರು ಪೂಜಿಸುವ ಬೋಧಿಸತ್ವ. ನಮ್ಮಲ್ಲಿ ಬೀದಿಗೊಬ್ಬ ಮಂಜು ಇದ್ದಾನೆ, ಕಡಿದಾದ ಬಂಡೆಯ ಮೇಲೆ ಅವನ ಹೆಸರಿನ ಮಂಟಪ ಕಂಡಾಗ ಊರಿನವನು ಸಿಕ್ಕಿದಂತಾಯಿತು. ಮಂಟಪದ ಸುತ್ತ ಮರದ ಜಗಲಿ. ಮೆಟ್ಟು ಬಿಚ್ಚಿ ಸುತ್ತು ಬರಬಹುದು. ಜಗಲಿಯ ಅಗಲ ಒಬ್ಬ ಮನುಷ್ಯ ನಡೆಯುವಷ್ಟು, ಅಂಚಿಗೆ ಕಂಬಿಯಿಲ್ಲ, ಹಗ್ಗವಿಲ್ಲ, ಹಲಗೆ ಹೊರಮುಖವಾಗಿ ತುಸು ಇಳಿಜಾರು. ಕೆಳಗೆ ಮರಗಳ ತಲೆಗಳು. ಹಿರಿಯರು ಕೆರೆಯ ಏರಿಯ ಮೇಲೆ ಸಂಜೆ ಅಡ್ಡಾಡುವವರಂತೆ ಹೋಗಿ ಬಂದರು. ನಾನು ಗೋಡೆಗೆ ಬೆನ್ನು ಹತ್ತಿಸಿ ಏಡಿಯಂತೆ ಅಡ್ಡಡ್ಡ ಸರಿದೆ. ನಾಚಿಕೆಯೇನೂ ಇಲ್ಲ ಅದನ್ನು ಹೇಳಲು.

ಅಲ್ಲಿ ಕುಳಿತು ನೀರು ಕುಡಿಯುವಾಗ ಒಂದು ವಿಷಯ ಹೊಳೆಯಿತು. ಬೇಲೂರಿನ ಶಾಸನದಲ್ಲಿ ಒಂದು ಶ್ಲೋಕವಿದೆ, ನಿಮ್ಮಲ್ಲಿ ಹಲವರಿಗೆ ಗೊತ್ತು: ‘ಯಂ ಶೈವಾಃ ಸಮುಪಾಸತೇ ಶಿವ ಇತಿ.’ ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮನೆಂದು, ಬೌದ್ಧರು ಬುದ್ಧನೆಂದು, ಜೈನರು ಅರ್ಹನ್ ಎಂದು ಯಾರನ್ನು ಉಪಾಸಿಸುತ್ತಾರೋ ಆ ಕೇಶವ ನಿಮ್ಮ ಇಷ್ಟಾರ್ಥವನ್ನು ಕರುಣಿಸಲಿ ಎಂಬುದು. ಪ್ರತಿ ಗುಂಪಿಗೂ ಅದನ್ನು ಹಾಡಿ ಅರ್ಥ ಹೇಳುವುದು ನನ್ನ ಕ್ರಮ. ಶಿವ ಎಂದಾಗ ಹಳೇಬೀಡಿನ ಕಡೆ ಕೈ ತೋರಿಸುತ್ತೇನೆ, ಅರ್ಹನ್ ಎಂದಾಗ ಶ್ರವಣಬೆಳಗೊಳದ ಕಡೆ. ‘ಬೌದ್ಧಾ ಬುದ್ಧ ಇತಿ’ ಎಂದಾಗ ಮಾತ್ರ ಕೈ ಎಲ್ಲಿಗೂ ಹೋಗುವುದಿಲ್ಲ, ಬೇಗ ದಾಟಿಬಿಡುತ್ತೇನೆ. ನಮ್ಮ ನಾಡಿನಲ್ಲಿ ಬೌದ್ಧರು ಇರಲಿಲ್ಲವೆಂದಲ್ಲ. ಬಳ್ಳಿಗಾವಿಯಲ್ಲಿ ವಿಹಾರವಿತ್ತು. ಘಟ್ಟ ಇಳಿದರೆ ಮಂಗಳೂರಿನ ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮ 968ರಲ್ಲಿ ಮಾಡಿಸಿಟ್ಟ ಲೋಕೇಶ್ವರನ ಕಂಚಿನ ಮೂರ್ತಿ ಇವತ್ತಿಗೂ ಇದೆ. ಲೋಕೇಶ್ವರ ಎಂದರೆ ಅವಲೋಕಿತೇಶ್ವರ. ಜಪಾನಿನವರು ಅವನನ್ನು ಕನ್ನೊನ್ ಎನ್ನುತ್ತಾರೆ. ಅದೇ ಬೆಟ್ಟದಲ್ಲಿ ಇನ್ನೂ ಮೇಲೆ ಅವನದೊಂದು ಮಂಟಪ ನನಗಾಗಿ ಕಾಯುತ್ತಿತ್ತು. ಕದ್ರಿಯಲ್ಲಿ ಮಂಜುನಾಥನ ದರ್ಶನಕ್ಕೆ ಹೋದಾಗಲೆಲ್ಲ ಲೋಕೇಶ್ವರನಿಗೂ ಕೈ ಮುಗಿದು ಬಂದವನು ನಾನು. ಮಂಜುನಾಥ ಎಂಬ ಹೆಸರಿಗೆ ಮಂಜುಶ್ರೀಯ ನಂಟನ್ನು ಹೇಳುವ ವಿದ್ವಾಂಸರೂ ಇದ್ದಾರೆ. ಆ ವಾದದಲ್ಲಿ ನಾನು ಇಳಿಯುವುದಿಲ್ಲ. ಬೆನ್ನು ಮಂಜುವಿನ ಗೋಡೆಗೆ ಒರಗಿಸಿ ಕುಳಿತವನಿಗೆ ಅಷ್ಟು ನಂಟು ಸಾಕಾಗಿತ್ತು.

ಮುಂದೆ ಜಿಝೋ ಮಂಟಪ, ಜಿಝೋ ಅಂದರೆ ಕ್ಷಿತಿಗರ್ಭ ಎಂಬ ಬೋಧಿಸತ್ವ. ಅದರಾಚೆ ಒಂದು ಘಂಟೆಯ ಮನೆ. ಅಡ್ಡಲಾಗಿ ತೂಗುಬಿಟ್ಟ ಮರದ ದಿಮ್ಮಿಯನ್ನು ಎಳೆದು ಬಿಟ್ಟರೆ ಬೆಟ್ಟವೆಲ್ಲ ಗುಂಯ್‌ಗುಡುತ್ತದೆ. ಕೈ ಬೀಸಿ ನಡೆಯಲಾಗದ ದಾರಿಯಲ್ಲಿ ಅಷ್ಟು ದೊಡ್ಡ ಕಂಚಿನ ಘಂಟೆಯನ್ನು ಹೊತ್ತು ತಂದವರ ಹೆಗಲನ್ನು ನೆನೆದು ನಾನು ಎರಡು ಸಲ ಬಾರಿಸಿದೆ. ಆಮೇಲೆ ಬೆಟ್ಟದ ಏಣು, ಎರಡೂ ಕಡೆ ಇಳಿಜಾರು, ನಡುವೆ ಬೋಳು ಬಂಡೆ. ಅವುಗಳಿಗೆ ಕುದುರೆಬೆನ್ನು, ಹಸುಬೆನ್ನು ಎಂದು ಹೆಸರು. ಇದನ್ನು ಮೊಬೈಲ್ ಅನುವಾದ ಮಾಡಿ ಹೇಳಿದಾಗ ನನಗೆ ತುಂಬ ಖುಷಿಯಾಯಿತು. ಬಾಬಾಬುಡನಗಿರಿಯ ಸಾಲಿಗೆ ಕುದುರೆಲಾಳ ಎನ್ನುವವರು ನಾವು, ಕುದುರೆಮುಖ ನಮ್ಮದು. ಬೆಟ್ಟವನ್ನು ಕಂಡರೆ ದನ ಕುದುರೆ ನೆನಪಾಗುವುದು ಎಲ್ಲ ಕಡೆಯೂ ಒಂದೇ.

ಕನ್ನೊನ್ ಮಂಟಪ ಬಂಡೆಯ ಗುಹೆಯೊಳಗೆ ಸೇರಿಕೊಂಡಿದೆ. ಅದರ ಹಿಂದೆ, ಮಂಟಪಕ್ಕೂ ಕಲ್ಲಿಗೂ ನಡುವಿನ ಕತ್ತಲೆಯ ಸಂದಿನಲ್ಲಿ ನುಸುಳಿ ಹೋಗಬೇಕು. ತಾಯಿಯ ಗರ್ಭವನ್ನು ದಾಟಿದಂತೆ ಎನ್ನುತ್ತಾರೆ ಅಲ್ಲಿನವರು. ಗರ್ಭಗುಡಿ ಎಂಬ ಮಾತನ್ನು ದಿನಕ್ಕೆ ನಲವತ್ತು ಸಲ ಹೇಳುವ ನನಗೆ, ಆ ಸಂದಿನಲ್ಲಿ ಕಲ್ಲನ್ನು ತಡವಿಕೊಂಡು ಹೋಗುವಾಗ, ಗರ್ಭ ಎಂಬ ಪದ ಮೊದಲ ಸಲ ಕೈಗೆ ತಗುಲಿತು. ತಣ್ಣಗಿತ್ತು. ಹೊರಗೆ ಬಂದು ಬಂಡೆಯ ಮೂಲೆ ತಿರುಗಿದರೆ ಎದುರಿಗೆ ನಾಗೆಇರೆ ದೋ.

ಹತ್ತಿರ ಹೋಗುವಂತಿಲ್ಲ. ಫಲಕವಿದೆ, ಅಲ್ಲಿಂದಲೇ ನೋಡಬೇಕು. ಅದು ನನಗೆ ಕಷ್ಟವಾಯಿತು. ನನ್ನ ಕಸುಬೆಲ್ಲ ಹತ್ತಿರದ ಕಸುಬು. ಟಾರ್ಚ್ ಬಿಟ್ಟು, ನೋಡಿ ಬಳೆ, ನೋಡಿ ಉಗುರು, ನೋಡಿ ಹೆಣೆದ ಜಡೆ ಎಂದು ಬೆರಳು ಮಾಡುವುದು. ಇಲ್ಲಿ ತೋರಿಸಲು ಏನೂ ಇಲ್ಲ. ಕೆತ್ತನೆಯಿಲ್ಲ, ಬಣ್ಣವಿಲ್ಲ. ಬೂದಿಯ ಬಣ್ಣಕ್ಕೆ ತಿರುಗಿದ ಮರ, ತೊಗಟೆ ಹೊದಿಸಿದ ಮಾಡು, ಅದರ ಅಂಚು ಮಾತ್ರ ಹಕ್ಕಿ ರೆಕ್ಕೆ ಎತ್ತಿದಂತೆ ಬಾಗಿದೆ. ನಾನು ಕಂಬಗಳನ್ನೇ ನೋಡುತ್ತಾ ಕುಳಿತೆ. ಒಂದೊಂದರ ಉದ್ದ ಒಂದೊಂದು ಬಗೆ. ಬಂಡೆಯನ್ನು ಕಡಿದು ಮಟ್ಟ ಮಾಡಲು ಹೋಗಿಲ್ಲ, ಬಂಡೆ ಎಲ್ಲಿದೆಯೋ ಅಲ್ಲಿಗೆ ಕಂಬವನ್ನು ಕತ್ತರಿಸಿದ್ದಾರೆ. ಒಂದು ಕಂಬ ಆಳು ಎತ್ತರ, ಅದರ ಮುಂದಿನದು ಅದಕ್ಕೆ ಎಷ್ಟೋ ಪಟ್ಟು. ಇಳಿಜಾರಿನ ಮೇಲೆ ಒಂದು ಕಾಲು ಮೇಲಿಟ್ಟು ಒಂದು ಕಾಲು ಕೆಳಗಿಟ್ಟು ನಿಂತ ಮೇಕೆಯನ್ನು ನೋಡಿದ್ದೀರಲ್ಲ, ಅದೇ ನಿಲುವು, ಅದೇ ನಿರಾಳ.

ಮರದ ಉಂಗುರಗಳನ್ನು ಪರೀಕ್ಷಿಸಿದ ತಜ್ಞರು ಇದನ್ನು ಹೆಯಾನ್ ಯುಗದ ಕೊನೆಯ ಭಾಗಕ್ಕೆ ಇಟ್ಟಿದ್ದಾರೆ, ಅಂದರೆ ಸುಮಾರಾಗಿ 12ನೇ ಶತಮಾನ. ನಮ್ಮ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಹೆಚ್ಚು ಕಡಿಮೆ ಒಂದೇ ಕಾಲ! ನಮ್ಮ ಶಿಲ್ಪಿಗಳು ಬಳಪದ ಕಲ್ಲನ್ನು ಮರದಂತೆ ಕೊರೆಯುತ್ತಿದ್ದಾಗ ಅವರ ಬಡಗಿಗಳು ಮರವನ್ನು ಬಂಡೆಗೆ ನೆಟ್ಟು ಬಂದಿದ್ದಾರೆ. ಬೇಲೂರಿನಲ್ಲಿ ಕಲ್ಲು ಉಳಿದಿದೆ, ಅದರ ಮೇಲಿದ್ದ ಇಟ್ಟಿಗೆ, ಮರಗಳ ಶಿಖರವನ್ನು 19ನೇ ಶತಮಾನದಲ್ಲಿ, ಕಟ್ಟಡಕ್ಕೆ ಭಾರವೆಂದು ಇಳಿಸಬೇಕಾಯಿತು. ಇಲ್ಲಿ ಮರವೇ ಉಳಿದಿದೆ. ಮೇಲಿನ ಬಂಡೆ ಕೊಡೆಯಂತೆ ಚಾಚಿಕೊಂಡು ಮಳೆಯನ್ನೂ ಹಿಮವನ್ನೂ ತಡೆದಿರುವುದು ಒಂದು ಕಾರಣ. ಮಾಡಿನ ತೊಗಟೆಯನ್ನು ಆಗಾಗ ಬದಲಿಸುತ್ತಾ ಬಂದಿರುವುದು ಇನ್ನೊಂದು. ಮೂರನೆಯ ಕಾರಣ ನನ್ನದು: ನನ್ನಂಥವರನ್ನು ಹತ್ತಿರ ಬಿಟ್ಟಿಲ್ಲ.

ಇಷ್ಟನ್ನೂ ಆ ಹೊತ್ತಿಗೆ ಯಾರಿಗಾದರೂ ಹೇಳಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು. 1117, ವಿಷ್ಣುವರ್ಧನ, ಬಳಪದ ಕಲ್ಲು. 2023ರಲ್ಲಿ ನಮ್ಮ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ಮೊಬೈಲ್ ತೆಗೆದೆ. ಹಿರಿಯರು ಮೊಣಕಾಲು ಅಪ್ಪಿಕೊಂಡು ಕುಳಿತು ಗುಡಿಯನ್ನು ನೋಡುತ್ತಿದ್ದರು. ಅಲ್ಲಿ ಸಿಗ್ನಲ್ ಇರಲಿಲ್ಲ. ಮೊಬೈಲನ್ನು ಜೇಬಿಗೆ ಹಾಕಿ ನಾನೂ ಸುಮ್ಮನೆ ಕುಳಿತೆ. ಇಪ್ಪತ್ತು ನಿಮಿಷ ಇರಬಹುದು. ದೇವಸ್ಥಾನದ ಮುಂದೆ ಇಪ್ಪತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದು ನನ್ನ ವೃತ್ತಿಜೀವನದಲ್ಲಿ ಅದೇ ಮೊದಲು ಎಂದರೆ ಇಲ್ಲಿ ಕುಳಿತಿರುವ ನನ್ನ ಹೆಂಡತಿ ಸಾಕ್ಷಿ ಹೇಳುತ್ತಾಳೆ.

ಇಳಿಯುವಾಗ ಸರಪಳಿಯ ಹತ್ತಿರ ನನ್ನ ಬಲಗಾಲಿನ ಹುರಿ ಕಿತ್ತುಹೋಯಿತು. ಹುಲ್ಲಿನ ಮೆಟ್ಟು, ಸವೆಯುವುದೇ ಅದರ ಗುಣ. ಕಲ್ಲಿಗೆ ಒರಗಿ ನಿಂತು ಏನು ಮಾಡುವುದು ಎಂದು ನೋಡುತ್ತಿರುವಾಗ ಹಿರಿಯರು ಎರಡು ಹೆಜ್ಜೆ ಹಿಂದಕ್ಕೆ ಹತ್ತಿ ಬಂದರು. ಕತ್ತಿನ ಟವೆಲನ್ನು ಹಲ್ಲಿನಿಂದ ಕಚ್ಚಿ ಉದ್ದಕ್ಕೆ ಸೀಳಿದರು. ಆಮೇಲೆ ನನ್ನ ಮುಂದೆ ಮಂಡಿಯೂರಿ ನನ್ನ ಪಾದವನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ನಾನು ಗಾಬರಿಯಾಗಿ ಕಾಲು ಹಿಂದಕ್ಕೆ ಎಳೆದೆ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು ನನ್ನ ಕಾಲು ಮುಟ್ಟುವುದೇ? ಅವರಿಗೆ ನನ್ನ ಗಾಬರಿ ಅರ್ಥವಾಗಲಿಲ್ಲ, ನೋವಾಯಿತೆಂದುಕೊಂಡರು. ಇನ್ನೂ ಮೆಲ್ಲಗೆ ಹಿಡಿದು, ಸೀಳಿದ ಬಟ್ಟೆಯನ್ನು ಹಿಮ್ಮಡಿಯ ಹಿಂದಿನಿಂದ ತಂದು, ಕುಣಿಕೆಯಲ್ಲಿ ತೂರಿಸಿ, ಕಣಕಾಲಿಗೆ ಎರಡು ಸುತ್ತು ಸುತ್ತಿ, ಗಂಟಿನ ಮೇಲೆ ಬೆರಳಿಟ್ಟು ಒತ್ತಿದರು, ಶಾಲೆಗೆ ಹೊರಟ ಹುಡುಗನ ಬೂಟಿನ ಲೇಸನ್ನು ಅಪ್ಪ ಕಟ್ಟಿದಂತೆ. ಅವರು ಎದ್ದ ಕೂಡಲೇ ನಾನು ಬಗ್ಗಿ ಅವರ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಈಗ ಗಾಬರಿಯಾಗುವ ಸರದಿ ಅವರದು. ತಮ್ಮ ಮೆಟ್ಟಿಗೆ ಏನಾಯಿತೆಂದು ಬಗ್ಗಿ ನೋಡಿಕೊಂಡರು!

ಕೆಳಗೆ ಪಟ್ಟಿ ಹಿಂತಿರುಗಿಸಿದೆವು, ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಗುರುತು ಬಿತ್ತು. ಸಿಗ್ನಲ್ ಬಂದ ಮೇಲೆ ಮೊಬೈಲಿನಲ್ಲಿ ಬರೆದು ಕೇಳಿದೆ: ‘ಇಲ್ಲಿ ಈಗಲೂ ಪೂಜೆ ನಡೆಯುತ್ತದೆಯೇ?’ ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಹಿರಿಯರು ಓದಿದರು, ನನ್ನನ್ನು ನೋಡಿದರು, ತಮ್ಮ ಮಣ್ಣಾದ ಅಂಗೈಗಳನ್ನು ನೋಡಿಕೊಂಡರು, ಬೆಟ್ಟದ ಕಡೆ ನೋಡಿದರು. ಒಂದು ಸಣ್ಣ ನಗೆ. ಬೇಲೂರಿನಲ್ಲಿ ನಾನು ಒಳಗೊಳಗೇ ನಗುತ್ತಿದ್ದೆನಲ್ಲ, ಅದೇ ನಗೆ.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಬಹುದು.

ಗುಡಿಯೊಳಗೆ ಯಾವ ದೇವರಿದೆ ಎಂದು ಮುಂದಿನ ಸಾಲಿನ ತಾಯಿಯೊಬ್ಬರು ಕೇಳಿದರು. ಅಲ್ಲಿ ಪೂಜೆಗೊಂಡಿದ್ದದ್ದು ಝಾವೋ ಗೊಂಗೆನ್. ಒಂದು ಕಾಲು ಎತ್ತಿ, ಕೂದಲು ಕೆದರಿ, ಹಲ್ಲು ಕಡಿದು ನಿಂತ ಉಗ್ರಮೂರ್ತಿ, ನಮ್ಮ ವೀರಭದ್ರನ ಜಾತಿ. ಮಂಜುಶ್ರೀ, ಅವಲೋಕಿತೇಶ್ವರರು ನಮ್ಮ ಕಡೆಯಿಂದ ಹೋದವರು, ಇವನು ಮಾತ್ರ ಆ ಬೆಟ್ಟಗಳಲ್ಲೇ ಹುಟ್ಟಿದವನು. ಹಳೆಯ ಮರದ ಮೂರ್ತಿಯನ್ನು ಈಗ ಕೆಳಗಿನ ಭಂಡಾರದಲ್ಲಿ ಇಟ್ಟಿದ್ದಾರೆ, ಅದನ್ನು ಹತ್ತಿರದಿಂದಲೇ ನೋಡಬಹುದು.

ಮಂಡಿನೋವಿನವರು ಏನು ಮಾಡಬೇಕು, ರೋಪ್‌ವೇ ಹಾಕಿಲ್ಲವೇ ಎಂದು ಇನ್ನೊಬ್ಬರ ಪ್ರಶ್ನೆ. ಹಾಕಿಲ್ಲ. ಕೆಳಗಿನ ರಸ್ತೆಯ ಪಕ್ಕದಲ್ಲಿ ಒಂದು ಜಾಗವಿದೆ, ಅಲ್ಲಿಂದ ದೂರದರ್ಶಕದಲ್ಲಿ ಗುಡಿ ಕಾಣುತ್ತದೆ. ಅಲ್ಲಿಂದಲೇ ಕೈ ಮುಗಿದು ಹೋಗುವವರಿದ್ದಾರೆ. ಮಂಡಿನೋವಿಗೆ ಊರಿನಲ್ಲೇ ಉಳಿದ ಆ ಗೆಳೆಯನಿಗೆ ಅದು ಗೊತ್ತಿದ್ದಿದ್ದರೆ ನನಗೆ ಜೊತೆ ಸಿಗುತ್ತಿರಲಿಲ್ಲ.

ಊಟ? ಕಾಡಿನ ಸೊಪ್ಪು, ಅಣಬೆ, ಮೆತ್ತಗಿನ ತೋಫು. ಮಲೆನಾಡಿನವರು ಕಳಲೆ, ಕೆಸುವಿನ ಜೊತೆ ಕುಳಿತಂತೆ ಕುಳಿತು ಉಣ್ಣಬಹುದು. ಉಪ್ಪಿನಕಾಯಿ ಒಯ್ಯಿರಿ.

ಕೊನೆಗೆ ಒಬ್ಬ ಹುಡುಗ, ಆ ಹಿರಿಯರ ಜೊತೆ ಈಗಲೂ ಸಂಪರ್ಕವಿದೆಯೇ ಎಂದು ಕೇಳಿದ. ಇದೆ. ಮಗಳ ಮೂಲಕ ಪತ್ರ ಬರುತ್ತದೆ. ಬರುವ ಏಪ್ರಿಲ್‌ನಲ್ಲಿ ಗೆಳೆಯನನ್ನೂ ಕರೆದುಕೊಂಡು ಬೇಲೂರಿಗೆ ಬರುತ್ತಾರಂತೆ. ನಿಮ್ಮ ದೇವಾಲಯಕ್ಕೆ ಯಾವ ಬಗೆಯ ಶೂ ತರಬೇಕು, ಅಟ್ಟೆ ಹೇಗಿರಬೇಕು ಎಂದು ವಿಚಾರಿಸಿದ್ದಾರೆ. ಶೂ ಬೇಡ, ದಪ್ಪನೆಯ ಕಾಲುಚೀಲ ಎರಡು ಜೊತೆ ತನ್ನಿ ಎಂದು ಮೊನ್ನೆ ಬರೆದು ಹಾಕಿದೆ.